ಪೊಲೀಸರನ್ನು ಹುಡುಕುವ ಡಬ್ಬಿಗೆ ರಸ್ತೆಯಲ್ಲಿರುವ ನಾವು ಕಾಣುವುದಿಲ್ಲವೇ?

ಮಾನ್ಯ ಸಂಪಾದಕರೇ,

ನಮ್ಮ ಕಲಬುರಗಿಯ ಸೇಡಂ ರಸ್ತೆಯ ಬೈಕ್ ಹಾವಳಿ ಬಗ್ಗೆ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ರಾತ್ರಿ ರೇಸು, ಸೈಲೆನ್ಸರ್ ಸದ್ದು, ವ್ಹೀಲಿಂಗ್, ಎಲ್ಲಾ ಬರೆದಿದ್ದೀರಿ. ಆದರೆ ಮುಖ್ಯವಾದದ್ದೇ ಬಿಟ್ಟು ಹೋಗಿದೆ. ಈ ಹುಡುಗರು ಈಗ ಹ್ಯಾಂಡಲ್ ಮೇಲೆ ರಾಡಾರ್ ಡಿಟೆಕ್ಟರ್ (ಮುಂದೆ ಪೊಲೀಸರ ವೇಗ ಅಳೆಯುವ ಗನ್ ಇದೆ ಎಂದು ಮೊದಲೇ ಕೂಗಿ ಹೇಳುವ ಡಬ್ಬಿ), ಹೆಡ್‌ಲೈಟ್ ಕೆಳಗೆ ಲೇಸರ್ ಜಾಮರ್ (ಆ ಗನ್ನಿನ ಲೆಕ್ಕ ತಪ್ಪಿಸುವ ಯಂತ್ರ) ಕೂರಿಸಿಕೊಂಡು ಓಡಾಡುತ್ತಿದ್ದಾರೆ. ನನ್ನನ್ನು ಬೀಳಿಸಿದವನ ಗಾಡಿಯಲ್ಲಿ ಎರಡೂ ಇದ್ದವು.

ವರದಿ ಬಂದ ಮರುದಿನ ಸಂಜೆ ಗಿರಣಿಯಿಂದ ಜೋಳದ ಹಿಟ್ಟು ಬೀಸಿಸಿಕೊಂಡು ಸ್ಕೂಟಿಯಲ್ಲಿ ಬರುತ್ತಿದ್ದೆ. ರಸ್ತೆಯ ಎಡಬದಿಗೇ ಇದ್ದೆ. ಹಿಂದಿನಿಂದ ಬಂದ ದೊಡ್ಡ ಬೈಕು ನನ್ನ ಕನ್ನಡಿಗೆ ಬಡಿಯಿತು. ಸ್ಕೂಟಿ ಒಂದು ಕಡೆ, ನಾನು ಒಂದು ಕಡೆ, ಹಿಟ್ಟೆಲ್ಲ ಡಾಂಬರಿನ ಮೇಲೆ. ಹಿಂದೆ ಸಿಮೆಂಟ್ ಲಾರಿ ಬರುತ್ತಿತ್ತು. ಆ ಡ್ರೈವರ್ ಸಮಯಕ್ಕೆ ಸರಿಯಾಗಿ ಬ್ರೇಕ್ ಹಾಕಿದರು. ಅವರು ಯಾರೋ ಏನೋ, ಈ ಪತ್ರದ ಮೂಲಕ ಕೈ ಮುಗಿಯುತ್ತೇನೆ.

ಚಹಾದಂಗಡಿ ಹತ್ತಿರ ನಿಂತಿದ್ದ ಜನ ಓಡಿ ಹೋಗಿ ಆ ಹುಡುಗನನ್ನು ಅಡ್ಡಗಟ್ಟಿದರು. ಅವನು ಹೇಳಿದ ಮಾತು ಕೇಳಿ: "ಮುಂದ ಪೊಲೀಸ್ರು ಇಲ್ಲಂತ ತೋರಿಸ್ಲಿಕತ್ತಿತ್ರಿ ಆಂಟಿ, ಅದಕ್ಕ ಎಳದಿದ್ದೆ." ಅಂದರೆ ಪೊಲೀಸರು ಇಲ್ಲದ ಕಡೆ ಮನುಷ್ಯರೂ ಇರುವುದಿಲ್ಲ ಎಂದು ಅವನ ಲೆಕ್ಕ! ಜನ ನನ್ನನ್ನು ಎಬ್ಬಿಸುವುದರಲ್ಲಿ ಇದ್ದಾಗ ಅವನು ಗಾಡಿ ತಿರುಗಿಸಿಕೊಂಡು ಹೋಗಿಬಿಟ್ಟ. ನಂಬರ್ ಓದಲು ಆಗಲಿಲ್ಲ. ಪ್ಲೇಟು ಮೇಲಕ್ಕೆ ಮಡಚಿತ್ತು.

ಮೊಣಕಾಲು ಊದಿಕೊಂಡಿದೆ. ಮೆಟ್ಟಿಲು ಹತ್ತಲು ಆಗುತ್ತಿಲ್ಲ. ಕನ್ನಡಿ, ಇಂಡಿಕೇಟರ್, ಬ್ರೇಕ್ ಲಿವರ್ ಎಲ್ಲಾ ಹೋಗಿವೆ. ಸ್ಕೂಟಿ ಇನ್ನೂ ಮೆಕ್ಯಾನಿಕ್ ಹತ್ತಿರವೇ ಇದೆ. ವಿಮೆಯವರು ದೂರಿನ ಪ್ರತಿ ತನ್ನಿ ಅನ್ನುತ್ತಾರೆ. ದೂರು ಕೊಡಲು ಒಂದು ಠಾಣೆಗೆ ಹೋದರೆ, "ಅಕ್ಕಾರ, ಇದು ನಮ್ಮ ಲಿಮಿಟ್‌ಗೆ ಬರಂಗಿಲ್ರಿ" ಎಂದರು. ಇನ್ನೊಂದು ಠಾಣೆಗೆ ಹೋದೆ. ಗಾಡಿ ನಂಬರ್ ಇಲ್ಲದೆ ಏನು ಬರೆದುಕೊಳ್ಳುವುದು ಎಂದು ಅಲ್ಲಿ ಕೇಳಿದರು. ನಂಬರ್ ಕಾಣದ ಹಾಗೆ ಪ್ಲೇಟು ಮಡಚಿದ್ದೇ ಒಂದು ಅಪರಾಧ, ಅದನ್ನಾದರೂ ಬರೆದುಕೊಳ್ಳಿ ಎಂದೆ. ಸಾಹೇಬರು ಬಂದ ಮೇಲೆ ಬನ್ನಿ ಅಂದರು. ಕುಂಟುತ್ತಾ ಹೋದವಳಿಗೆ ಕೂರಲು ಒಂದು ಕುರ್ಚಿಯನ್ನೂ ತೋರಿಸಲಿಲ್ಲ.

ಆ ಡಬ್ಬಿ ಏನು ಎಂದು ನನಗೆ ಮೊದಲು ಹೇಳಿದ್ದು ಮೆಕ್ಯಾನಿಕ್. ಈಗ ಆನ್‌ಲೈನ್‌ನಲ್ಲಿ ತರಿಸಿಕೊಂಡು ಬಂದು ಕೂರಿಸಿಕೊಡಿ ಅನ್ನುತ್ತಾರಂತೆ. ಉಳಿದದ್ದನ್ನು ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ ಬಿಡಿಸಿ ಹೇಳಿದ. ಪೊಲೀಸರ ರಾಡಾರ್ ಗನ್ ರೇಡಿಯೊ ಅಲೆ ಬಿಡುತ್ತದೆ. ಓಡುವ ಗಾಡಿಗೆ ಬಡಿದು ವಾಪಸ್ ಬರುವಾಗ ಆ ಅಲೆಯ ಕಂಪನ ಸ್ವಲ್ಪ ಬದಲಾಗುತ್ತದೆ. ಎಷ್ಟು ಬದಲಾಯಿತು ಎಂಬುದರ ಮೇಲೆ ವೇಗದ ಲೆಕ್ಕ. ಡಾಪ್ಲರ್ ಪರಿಣಾಮ ಎಂದು ಕಾಲೇಜಿನಲ್ಲಿ ಓದುತ್ತಾರಲ್ಲ, ಅದೇ. ಅಲೆ ಗನ್ನಿನಿಂದ ಹೊರಟು ದೂರದವರೆಗೂ ಚೆದುರುತ್ತದೆ. ಹಾಗಾಗಿ ಗನ್ನಿಗೆ ವೇಗ ಸಿಗುವ ಮೊದಲೇ ಡಿಟೆಕ್ಟರ್‌ಗೆ ಅಲೆ ಸಿಕ್ಕಿ ಕೂಗಿಕೊಳ್ಳುತ್ತದೆ. ಸವಾರ ವೇಗ ಇಳಿಸುತ್ತಾನೆ. ಪೊಲೀಸರನ್ನು ದಾಟಿದ ಮೇಲೆ ಮತ್ತೆ ಅದೇ ಓಟ.

ಇದರಲ್ಲಿ ನನಗೆ ಜಾಸ್ತಿ ಸಿಟ್ಟು ತರಿಸಿದ ವಿಷಯ ಬೇರೆ ಇದೆ. ಬೈಕಿನಲ್ಲಿ ಗಾಳಿ, ಎಂಜಿನ್ ಸದ್ದಿಗೆ ಆ ಡಬ್ಬಿಯ ಕೂಗು ಕೇಳಿಸುವುದಿಲ್ಲ. ಅದಕ್ಕೆ ಹೆಲ್ಮೆಟ್ ಒಳಗೆ ಇಯರ್‌ಫೋನ್ ಹಾಕಿಕೊಳ್ಳುತ್ತಾರೆ. ಅಂದಮೇಲೆ ನಮ್ಮ ಹಾರ್ನ್ ಯಾರು ಕೇಳಬೇಕು? ಆಂಬುಲೆನ್ಸ್ ಸೈರನ್ ಯಾರು ಕೇಳಬೇಕು? ಜಿಮ್ಸ್ ಆಸ್ಪತ್ರೆ, ಇಎಸ್‌ಐ ಆಸ್ಪತ್ರೆ ಎಲ್ಲಾ ಇರುವುದು ಇದೇ ರಸ್ತೆಯಲ್ಲಿ. ಇನ್ನು ಆ ಡಬ್ಬಿ ಪೊಲೀಸ್ ಗನ್ನಿಗೆ ಮಾತ್ರ ಕೂಗುವುದೂ ಇಲ್ಲ. ಕೆಲವು ಪೊಲೀಸ್ ಗನ್ನುಗಳು ಬಿಡುವ 24 ಗಿಗಾಹರ್ಟ್ಸ್ ಆಸುಪಾಸಿನ ಅಲೆಯನ್ನೇ ದೊಡ್ಡ ಅಂಗಡಿಗಳ ತಾನಾಗಿ ತೆರೆಯುವ ಬಾಗಿಲೂ ಬಳಸುತ್ತದೆ, ಕೆಲವು ಕಾರುಗಳ ಸೆನ್ಸರ್ ಕೂಡ ಬಳಸುತ್ತದೆ. ಅವುಗಳಿಗೂ ಕೂಗುತ್ತದೆ. ಸವಾರನ ಕಣ್ಣು ಆಗ ರಸ್ತೆ ಮೇಲೆ ಇರುತ್ತದೋ, ಡಬ್ಬಿಯ ದೀಪದ ಮೇಲೆ ಇರುತ್ತದೋ?

ಲೇಸರ್ ಗನ್ ಇನ್ನೊಂದು ಬಗೆಯದು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ಹೋಗಿ ಬರುವ ಸಮಯ ಅಳೆಯುತ್ತದೆ. 300 ಮೀಟರ್ ದೂರದಲ್ಲೂ ಆ ಬೆಳಕಿನ ಅಗಲ ಹೆಚ್ಚುಕಡಿಮೆ ಒಂದು ಮೀಟರ್. ಪೊಲೀಸರು ಹೆಡ್‌ಲೈಟಿಗೋ ನಂಬರ್ ಪ್ಲೇಟಿಗೋ ಗುರಿ ಹಿಡಿಯುತ್ತಾರೆ. ಅರ್ಧ ಸೆಕೆಂಡಿನೊಳಗೆ ವೇಗ ಬಂದುಬಿಡುತ್ತದೆ. ಡಿಟೆಕ್ಟರ್ ಕೂಗುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಅದಕ್ಕೇ ಜಾಮರ್ ಬೇಕಂತೆ ಇವರಿಗೆ. ಅದು ತಾನೂ ಅಂಥದ್ದೇ ಬೆಳಕನ್ನು ಗನ್ನಿಗೆ ಎಸೆದು ಲೆಕ್ಕ ತಪ್ಪಿಸುತ್ತದೆ. ವೇಗದ ಬದಲು ಗನ್ನಿನಲ್ಲಿ ಎರರ್ ಬರುತ್ತದೆ. ಪೊಲೀಸರ ಕಣ್ಣಿಗೆ ಮಣ್ಣು ಎರಚುವುದು ಅಂದರೆ ಇದೇ ಅಲ್ವಾ? ಫ್ರಾನ್ಸ್‌ನಲ್ಲಿ ರಾಡಾರ್ ಡಿಟೆಕ್ಟರ್ ಇಟ್ಟುಕೊಳ್ಳುವುದೇ ಅಪರಾಧ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಡಿಟೆಕ್ಟರ್‌ಗೆ ಅಡ್ಡಿ ಇಲ್ಲ, ವರ್ಜೀನಿಯಾದಲ್ಲಿ ಕೂಡದು. ಆದರೆ ಪೊಲೀಸ್ ರಾಡಾರ್ ಜಾಮ್ ಮಾಡುವುದಕ್ಕೆ ಅಲ್ಲಿ ಇಡೀ ದೇಶದಲ್ಲೇ ನಿಷೇಧ. ನಮ್ಮಲ್ಲಿ ಇಂಥ ಯಂತ್ರ ಹಾಕಿಕೊಂಡು ಓಡಾಡುತ್ತಿದ್ದಾರೆ ಎಂದು ಠಾಣೆಯಲ್ಲಿ ಹೇಳಿದರೆ, "ಹಂಗಂದ್ರ ಏನ್ರೀ?" ಎಂದು ನನ್ನನ್ನೇ ಕೇಳಿದರು.

ಊರೊಳಗೆ ಬೈಕಿಗೆ ಗಂಟೆಗೆ 60 ಕಿಲೋಮೀಟರ್ ಮಿತಿ ಎಂದು ಕೇಂದ್ರ ಸರ್ಕಾರ 2018ರಲ್ಲೇ ಹೇಳಿತ್ತು. ನೂರರ ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ದಾಟುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು. ನಮ್ಮ ಶಾಲೆಯ ಏಳನೇ ಕ್ಲಾಸಿನ ಮಕ್ಕಳಿಗೆ ಹೇಳಿದರೂ ಅರ್ಥ ಮಾಡಿಕೊಳ್ಳುತ್ತಾರೆ. ದಂಡಕ್ಕಿಂತ ಎಷ್ಟೋ ಪಟ್ಟು ದುಡ್ಡು ಕೊಟ್ಟು ಆ ಡಬ್ಬಿ ತರಿಸುವವನಿಗೆ ಮಾತ್ರ ಅರ್ಥವಾಗುವುದಿಲ್ಲ.

ಪೊಲೀಸರಿಗೂ ಒಂದು ಮಾತು ಹೇಳಬೇಕು. ನೀವು ಸ್ಪೀಡ್ ಗನ್ ಹಿಡಿದು ನಿಲ್ಲುವ ಜಾಗ ಊರಿಗೆಲ್ಲ ಗೊತ್ತು. ಅದೇ ಮರ, ಅದೇ ನೆರಳು, ಅದೇ ಹೊತ್ತು. ಹಾಲು ಹಾಕುವವರೂ ಹೇಳುತ್ತಾರೆ ನೀವು ಎಲ್ಲಿರುತ್ತೀರಿ ಎಂದು. ಹೆಲ್ಮೆಟ್ ಇಲ್ಲದೆ ತರಕಾರಿಗೆ ಹೊರಟ ಮುದುಕರನ್ನು ಅಡ್ಡಹಾಕುವಾಗ ಇರುವ ಚುರುಕು ಈ ದೊಡ್ಡ ಬೈಕುಗಳನ್ನು ಕಂಡಾಗ ಎಲ್ಲಿ ಹೋಗುತ್ತದೆ? 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟರು. ತಪ್ಪು ಮಾಡಿ ಕಟ್ಟದೆ ಕುಳಿತವರಿಗೆ ಅರ್ಧ ಮಾಫಿ, ನಿಯತ್ತಾಗಿ ಕಟ್ಟಿದವರಿಗೆ ಪೂರ್ತಿ ದಂಡ. ಇದು ಯಾವ ನ್ಯಾಯ? ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟಿನ ಕಥೆಯೂ ಹೀಗೇ. ಹಾಕಿಸಲೇಬೇಕು ಎಂದರು, ದುಡ್ಡು ಕಟ್ಟಿ, ದಿನಾಂಕ ತಗೊಂಡು, ಕೆಲಸ ಬಿಟ್ಟು ಹೋಗಿ ಹಾಕಿಸಿದೆವು. ಆಮೇಲೆ ಗಡುವು ಮುಂದಕ್ಕೆ, ಮತ್ತೆ ಮುಂದಕ್ಕೆ. ಅಷ್ಟು ಭದ್ರವಾದ ಪ್ಲೇಟನ್ನು ಮಡಚಿಕೊಂಡು ಹೋಗುವವನನ್ನು ಹಿಡಿಯಲು ಮಾತ್ರ ಯಾರೂ ಇಲ್ಲ.

ರಸ್ತೆಯ ಸ್ಥಿತಿ ಬಗ್ಗೆ ಹೇಳುವುದೇ ಬೇಡ. ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆ ಇದು. ದೊಡ್ಡವರು ಬರುತ್ತಾರೆ ಅಂದರೆ ರಾತ್ರೋರಾತ್ರಿ ಗುಂಡಿ ಮುಚ್ಚುತ್ತದೆ, ಡಿವೈಡರ್‌ಗೆ ಬಣ್ಣ ಬರುತ್ತದೆ. ಅವರು ಹೋದ ಮೇಲೆ ನಮ್ಮ ಪಾಡು ನಮಗೆ. ಹಂಪ್ ಹಾಕುತ್ತಾರೆ, ಮೇಲೆ ಬಿಳಿ ಪಟ್ಟೆ ಬಳಿಯುವುದಿಲ್ಲ. ಬೀದಿದೀಪ ಒಂದು ಉರಿದರೆ ಎರಡು ಇಲ್ಲ. ಚರಂಡಿಗೆಂದು ಅಗೆದ ಮಣ್ಣು ಅಂಚಿನಲ್ಲೇ ಬಿದ್ದಿದೆ, ಅದಕ್ಕೇ ಸ್ಕೂಟಿಯವರು ಪೂರ್ತಿ ಅಂಚಿಗೆ ಸರಿಯಲೂ ಆಗುವುದಿಲ್ಲ. ಈ ಬಗ್ಗೆ ಅರ್ಜಿ ಕೊಡಲು ಹೋದರೆ, ಬೇಸಿಗೆ ಎಂದು ನಮ್ಮ ಭಾಗದ ಕಚೇರಿಗಳು ಮಧ್ಯಾಹ್ನ 1.30ಕ್ಕೇ ಮುಗಿಯುತ್ತವೆ. ಈ ಬಿಸಿಲಿಗೆ ಅದು ಬೇಕು, ಬೇಡ ಅನ್ನುವುದಿಲ್ಲ. ಆದರೆ ಬೆಳಿಗ್ಗೆ 8ಕ್ಕೆ ಬರಬೇಕಾದವರು ಬರಬೇಕಲ್ಲ! ನಾನು ಹೋದ ಕಚೇರಿಯಲ್ಲಿ ಫ್ಯಾನು ತಿರುಗುತ್ತಿತ್ತು, ಕುರ್ಚಿ ಖಾಲಿ ಇತ್ತು.

ಲಕ್ಷಗಟ್ಟಲೆ ಕೊಟ್ಟು ಮಗನಿಗೆ ಬೈಕು ಕೊಡಿಸುವ ತಂದೆತಾಯಿಗಳೇ, ಅದರ ಹ್ಯಾಂಡಲ್ ಮೇಲೆ ಏನು ಕಟ್ಟಿದ್ದಾನೆ ಎಂದು ಒಮ್ಮೆ ನೋಡಿ. ಮೊಬೈಲ್ ಸ್ಟ್ಯಾಂಡ್ ಎಂದು ಹೇಳಿದರೆ ನಂಬಬೇಡಿ. ನಾಳೆ ಅವನೇ ಸಿಮೆಂಟ್ ಲಾರಿ ಕೆಳಗೆ ಹೋದರೆ ಆ ಡಬ್ಬಿ ಏನು ಕೂಗುತ್ತದೆ?

ಸರ್ಕಾರ ಈ ಯಂತ್ರಗಳನ್ನು ಕೂಡಲೇ ನಿಷೇಧಿಸಬೇಕು. ಮಾರುವವರನ್ನು ಹಿಡಿಯಬೇಕು, ಕೂರಿಸಿಕೊಂಡವರ ಲೈಸೆನ್ಸ್ ಕಿತ್ತುಕೊಳ್ಳಬೇಕು. ಇಲ್ಲವೇ ಎರಡು ಕಡೆ ಕ್ಯಾಮೆರಾ ಹಾಕಿ, ಒಂದರಿಂದ ಇನ್ನೊಂದಕ್ಕೆ ಎಷ್ಟು ಹೊತ್ತಿನಲ್ಲಿ ಬಂದ ಎಂದು ಲೆಕ್ಕ ಹಾಕಲಿ. ಅದರ ಮುಂದೆ ಯಾವ ಜಾಮರ್ ಆಟವೂ ನಡೆಯುವುದಿಲ್ಲ. ಅದೂ ಆಗದಿದ್ದರೆ ಹಂಪಿಗೆ ಬಣ್ಣವನ್ನಾದರೂ ಬಳಿಯಿರಿ, ದೀಪವನ್ನಾದರೂ ಹಾಕಿ. ಪೊಲೀಸರು, ಸಾರಿಗೆಯವರು, ಪಾಲಿಕೆಯವರು, ಯಾರಿಗೆ ಸೇರಿದ್ದೋ ಅವರು ಏನಾದರೂ ಮಾಡಿ. ಯಾರ ಲಿಮಿಟ್ ಎಂದು ತೀರ್ಮಾನ ಮಾಡುವುದಕ್ಕೇ ನಿಮಗೆ ಇಷ್ಟು ದಿನ ಬೇಕಾದರೆ, ನಾವು ತೆರಿಗೆ ಕಟ್ಟುವುದು ಯಾತಕ್ಕೆ?

– ನೊಂದ ಶಿಕ್ಷಕಿ, ಸೇಡಂ ರಸ್ತೆ, ಕಲಬುರಗಿ