ಕ್ರೌನ್ ಮಾಡುವ ಮೊದಲು ಇನ್ನು ಮುಂದೆ ನಿಮಗೊಂದು ಫೋನ್

ಮಾನ್ಯ ದಂತವೈದ್ಯರಿಗೆ,

ಶಿವಮೊಗ್ಗದ ನಮ್ಮ ಲ್ಯಾಬಿನಿಂದ ನಮಸ್ಕಾರಗಳು.

ಮುಂದಿನ ತಿಂಗಳ 1ನೇ ತಾರೀಖಿನಿಂದ ಒಂದು ಬದಲಾವಣೆ ಮಾಡುತ್ತಿದ್ದೇವೆ. ಕ್ರೌನಿಗಾಗಿ, ಅಂದರೆ ಅರೆದ ಹಲ್ಲಿಗೆ ತೊಡಿಸುವ ಟೋಪಿಗಾಗಿ, ನೀವು ಕಳುಹಿಸಿದ ಅಚ್ಚಿನಿಂದ ಡೈ (ಆ ಹಲ್ಲಿನ ಪ್ರತಿರೂಪ) ತೆಗೆದ ಕೂಡಲೇ ಹಲ್ಲಿನ ಗೋಡೆಗಳ ಟೇಪರ್, ಅಂದರೆ ಮೇಲೆ ಹೋದಂತೆ ಒಳಕ್ಕೆ ವಾಲುವ ಇಳಿಜಾರನ್ನು, ಅಳೆಯುತ್ತೇವೆ. ಅಂಡರ್‌ಕಟ್ (ಗೋಡೆ ಬುಡದಲ್ಲಿ ಒಳಸರಿದ ಜಾಗ) ಕಂಡರೆ ಅಥವಾ ಇಳಿಜಾರು ಅತಿಯಾಗಿದ್ದರೆ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ಫೋನ್ ಮಾಡುತ್ತೇವೆ. ನಿಮ್ಮ ಉತ್ತರ ಬರುವವರೆಗೆ ಕೆಲಸ ನಿಲ್ಲುತ್ತದೆ. ದರ ಹಳೆಯದೇ. ಒಂದು ದಿನ ತಡವಾದೀತು.

ಇಷ್ಟು ದಿನ ನಾವು ಮಾಡುತ್ತಿದ್ದುದನ್ನು ಒಪ್ಪಿಕೊಳ್ಳಬೇಕು. ಅಂಡರ್‌ಕಟ್ ಇದ್ದಲ್ಲಿ ಮೇಣ ತುಂಬಿ, ಬಾಯಿ ಮುಚ್ಚಿಕೊಂಡು ಕ್ರೌನ್ ಕಳುಹಿಸುತ್ತಿದ್ದೆವು. ಅದು ಡೈ ಮೇಲೂ ಕೂರುತ್ತದೆ, ಬಾಯಿಯಲ್ಲೂ ಕೂರುತ್ತದೆ. ಆದರೆ ನಾವು ಮೇಣ ತುಂಬಿದ ಜಾಗವನ್ನು ಬಾಯಿಯಲ್ಲಿ ಕ್ರೌನ್ ಅಂಟಿಸುವ ಸಿಮೆಂಟೇ ತುಂಬಬೇಕು. ಅದು ಅಂಚಿನಲ್ಲೇ ಆದರೆ ಹುಳುಕಿಗೆ ಬಾಗಿಲು ತೆರೆದಿಟ್ಟಂತೆ. ಕಳೆದ ಮಳೆಗಾಲದಲ್ಲಿ ಕೆಳದವಡೆಯ ಒಂದೇ ಹಲ್ಲಿನ ಕ್ರೌನ್ ಮೂರು ಸಲ ಕಳಚಿ ವಾಪಸ್ ಬಂತು. ಎರಡು ಸಲ ಸಿಮೆಂಟನ್ನು ಬೈದೆವು. ಮೂರನೆಯ ಸಲ ಡೈಯನ್ನು ಅಳೆದು ನೋಡಿದರೆ ಗೋಡೆಯ ಎತ್ತರ 3 ಮಿ.ಮೀ. ಕೂಡ ಇಲ್ಲ, ಆಕಾರವೋ ಗೋಪುರದ್ದು. ಆ ಡೈ ಮೊದಲ ದಿನದಿಂದಲೂ ನಮ್ಮ ಮೇಜಿನ ಮೇಲೇ ಇತ್ತು. ಫೋನ್ ಮಾಡದಿದ್ದುದು ನಮ್ಮ ತಪ್ಪು.

ಗುದ್ದಲಿಗೆ ಕಾವು ಹಾಕುವವರನ್ನು ನೋಡಿದ್ದೀರಲ್ಲ? ತುದಿಯನ್ನು ತೀರಾ ಚೂಪಾಗಿ ಕೆತ್ತಿದರೆ ಸಲೀಸಾಗಿ ಒಳಗೆ ಹೋಗುತ್ತದೆ, ನಾಲ್ಕು ಏಟಿಗೆ ಕಳಚಿಯೂ ಬರುತ್ತದೆ. ಕ್ರೌನಿನದೂ ಅದೇ ಕಥೆ. ಟೇಪರ್ ಇಷ್ಟಿರಬೇಕೆಂದು ಪುಸ್ತಕದಲ್ಲಿ ಓದಿದ 6 ಡಿಗ್ರಿ, ಎದುರುಬದುರು ಗೋಡೆಗಳೆರಡೂ ಸೇರಿದ ಕೋನ. ಒಂದೊಂದು ಗೋಡೆಗೆ ಬರುವುದು 3 ಮಾತ್ರ. 4 ಮಿ.ಮೀ. ಎತ್ತರದ ಹಲ್ಲಿನಲ್ಲಿ ಮೇಲ್ಭಾಗ ಬುಡಕ್ಕಿಂತ ಅರ್ಧ ಮಿ.ಮೀ.ಗಿಂತಲೂ ಕಡಿಮೆ ಕಿರಿದಾಗುತ್ತದೆ, ಕಣ್ಣಿಗೆ ಹೆಚ್ಚುಕಡಿಮೆ ನೆಟ್ಟಗೇ ಕಾಣುತ್ತದೆ. ಹಿಂದಿನ ದವಡೆ ಹಲ್ಲಿನಲ್ಲಿ ಇದು ಯಾರ ಕೈಗೂ ಸುಲಭವಾಗಿ ಸಿಗುವುದಿಲ್ಲವೆಂದು ನಮಗೆ ಗೊತ್ತು. ಆದ್ದರಿಂದ 10ರಿಂದ 20 ಡಿಗ್ರಿವರೆಗೆ ನಾವು ತಕರಾರು ಮಾಡುವುದಿಲ್ಲ. ಗೋಡೆಯ ಎತ್ತರ ಮಾತ್ರ ದವಡೆ ಹಲ್ಲಿಗೆ 4 ಮಿ.ಮೀ., ಮುಂದಿನವಕ್ಕೆ 3 ಮಿ.ಮೀ. ಇರಲಿ. ನಮ್ಮ ಚೀಟಿಯಲ್ಲಿ ಇನ್ನು ಎರಡೂ ಗೋಡೆಗಳ ಒಟ್ಟು ಕೋನವನ್ನೇ ಬರೆಯುತ್ತೇವೆ. ಒಬ್ಬರು ಒಂದು ಗೋಡೆಯದನ್ನು, ಇನ್ನೊಬ್ಬರು ಎರಡರದ್ದನ್ನೂ ಟೇಪರ್ ಎಂದೇ ಕರೆದು ಫೋನಿನಲ್ಲಿ ವೃಥಾ ಜಗಳವಾಗಿದೆ.

ನಮ್ಮ ಮಲೆನಾಡಿನ ಪಾಡು ಬೇರೆಯೇ. ನಲವತ್ತು ವರ್ಷ ಕವಳ ಹಾಕಿದ ಬಾಯಿಯ ಹಲ್ಲು ಮೊದಲೇ ಸವೆದು ಗಿಡ್ಡವಾಗಿರುತ್ತದೆ. ಅಂಥ ಹಲ್ಲಿಗೆ 20 ಡಿಗ್ರಿಯೂ ದುಬಾರಿ. ಅಲ್ಲಿ ಪಕ್ಕದ ಗೋಡೆಗಳಲ್ಲಿ ಒಂದೊಂದು ತೋಡು ಹಾಕಿಕೊಟ್ಟರೆ ಕ್ರೌನ್ ಓಲಾಡದಂತೆ ಹಿಡಿಯುತ್ತದೆ. ರೆಸಿನ್ ಸಿಮೆಂಟ್ ಇದೆಯಲ್ಲ ಎನ್ನುವವರಿದ್ದಾರೆ. ಅದು ನೆರವಾಗುತ್ತದೆ, ನಿಜ, ಆದರೆ ಇಲ್ಲದ ಗೋಡೆಯನ್ನು ಕಟ್ಟಿಕೊಡುವುದಿಲ್ಲ.

ಗುರುವಿಗೇ ತಿರುಮಂತ್ರವಾಗುತ್ತದೆ, ಕ್ಷಮಿಸಿ, ಆದರೂ ಮೇಜಿನ ಈಚೆಯಿಂದ ಕಂಡ ಎರಡು ಮಾತು. ಹಲ್ಲು ಅರೆಯುವ ಟೇಪರ್ ಬರ್‌ನಲ್ಲೇ ಇಳಿಜಾರು ಇರುತ್ತದೆ. ಅದನ್ನು ಹಲ್ಲಿನ ನೇರಕ್ಕೆ ಹಿಡಿದರೆ ಸಾಕು, ಅಂಡರ್‌ಕಟ್ ಭಯಕ್ಕೆ ಕೈಯನ್ನೂ ಓರೆ ಮಾಡಿದರೆ ಲೆಕ್ಕ ಇಮ್ಮಡಿಯಾಗುತ್ತದೆ. ಇನ್ನು ಪರೀಕ್ಷಿಸುವಾಗ ಒಂದು ಕಣ್ಣು ಮುಚ್ಚಿ ನೋಡಿ. ಎರಡೂ ಕಣ್ಣು ತೆರೆದಿದ್ದರೆ ಒಂದೊಂದು ಕಣ್ಣು ಒಂದೊಂದು ಬದಿ ನೋಡಿ ಅಂಡರ್‌ಕಟ್ ಇಲ್ಲವೆಂದು ನಂಬಿಸುತ್ತವೆ. ಒಂದು ಅಡಿ ದೂರದಿಂದ, ಒಂದೇ ಕಣ್ಣಿಗೆ, ಅಂಚು ಸುತ್ತಲೂ ಒಟ್ಟಿಗೆ ಕಾಣಬೇಕು.

ನಾವು ಹೇಳಿದ ಮೇಲೂ ಹಾಗೆಯೇ ಮಾಡಿ ಎಂದರೆ ಮಾಡಿಕೊಡುತ್ತೇವೆ. ಅದು ಕಳಚಿದರೆ ಮತ್ತೆ ಮಾಡಲು ಅರ್ಧ ದರ. ನಾವೇ ಹೇಳದೆ ಬಿಟ್ಟಿದ್ದರೆ ಪೂರ್ತಿ ಖರ್ಚು ನಮ್ಮದು.

ಸಾಗರ, ತೀರ್ಥಹಳ್ಳಿ, ಹೊಸನಗರದಿಂದ ಬಸ್ಸಿನಲ್ಲಿ ಪಾರ್ಸೆಲ್ ಕಳುಹಿಸುವವರು ಚೀಟಿಯ ಮೇಲೆ ಮೊಬೈಲ್ ಸಂಖ್ಯೆ ಬರೆಯುವುದನ್ನು ಮರೆಯಬೇಡಿ. ಪೆನ್ಸಿಲ್ ಆದರೆ ಒಳ್ಳೆಯದು, ಮಳೆಯಲ್ಲಿ ಶಾಯಿ ನಿಲ್ಲುವುದಿಲ್ಲ.

ಇಂತಿ,
ಲ್ಯಾಬಿನ ಬಳಗ