ಹಿತ್ತಿಲ ಕೋಣೆಗೆ ಯಾವ ಫೋಮ್?

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಹಿತ್ತಿಲಿನ ಮರದ ಕೋಣೆಗೆ ಚಳಿ ತಡೆಯಲು ಹಾಕಿಸುವ ಫೋಮಿನ ಲೆಕ್ಕ ನೋಡಿ ನೀನು ಕೇಳಿದ್ದು ಒಂದೇ ಮಾತು: "ಥರ್ಮೊಕೋಲ್‌ಗೆ ಇಷ್ಟೊಂದು ದುಡ್ಡಾ?" ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ಸಾಗರದ ಮನೆ ತಾರಸಿ ಮೇಲೆ ನೀನು ಹಾಕಿಸಬೇಕೆಂದಿರುವ ಶೀಟಿನ ಕೋಣೆಗೂ ಇದರಲ್ಲಿ ಅರ್ಧ ಹೊಂದುತ್ತೆ. ಇನ್ನರ್ಧ ಪೂರ್ತಿ ತಿರುಗುಮುರುಗು.

ಗಟ್ಟಿ ಫೋಮ್ ಹಲಗೆಯಲ್ಲಿ ಮುಖ್ಯವಾಗಿ ಮೂರು ಜಾತಿ. ನಮ್ಮ ಥರ್ಮೊಕೋಲ್ ಅಂದರೆ ಇಪಿಎಸ್, ಕಾಳು ಕಾಳಾಗಿರೋದು. ಅದೇ ಪಾಲಿಸ್ಟೈರೀನನ್ನು ಒತ್ತಿ ನುಣುಪಾಗಿ ತೆಗೆದದ್ದು ಎಕ್ಸ್‌ಪಿಎಸ್. ಮೂರನೆಯದು ಪಿಐಆರ್, ಎರಡೂ ಮುಖಕ್ಕೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದ ಹಳದಿ ಹಲಗೆ. ಶಾಖ ದಾಟಿಸುವ ಅಂಕಿ ಪಿಐಆರ್‌ಗೆ 0.022, ಎಕ್ಸ್‌ಪಿಎಸ್‌ಗೆ 0.034ರ ಆಸುಪಾಸು, ಬಿಳಿ ಥರ್ಮೊಕೋಲ್‌ಗೆ 0.038. ಅಂಕಿ ಕಡಿಮೆಯಾದಷ್ಟೂ ಒಳ್ಳೇದು. 100 ಮಿ.ಮೀ. ಪಿಐಆರ್ ಮಾಡುವ ಕೆಲಸಕ್ಕೆ ಥರ್ಮೊಕೋಲ್ 170 ಮಿ.ಮೀ. ಬೇಕು. ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ. ಸುತ್ತ ಗೋಡೆಯ ದಪ್ಪ ಆ 70 ಮಿ.ಮೀ. ಹೆಚ್ಚಾದರೆ ಹತ್ತಿರ ಹತ್ತಿರ ಒಂದು ಚದರ ಮೀಟರ್ ನೆಲ ಹೋಯಿತು, ಒಂದು ಮೇಜಿನ ಜಾಗ. ಪಿಐಆರ್‌ಗೆ ಹೆಚ್ಚಿಗೆ ಕೊಡುವ ದುಡ್ಡು ಆ ಜಾಗ ಉಳಿಸೋದಕ್ಕೆ.

ಹಾಗಂತ ಎಲ್ಲ ಕಡೆ ಪಿಐಆರ್ ಹಾಕಬಾರದು. ಕೊಯ್ದ ಅಂಚಿನಲ್ಲಿ ಅದು ನೀರು ಹೀರುತ್ತೆ, ಒದ್ದೆಯಾದ ಮೇಲೆ ಆ 0.022ಕ್ಕೆ ಅರ್ಥವಿಲ್ಲ. ಮಣ್ಣಿನ ಮೇಲೆ, ಕಾಂಕ್ರೀಟ್ ಹಾಸಿನ ಕೆಳಗೆ ಎಕ್ಸ್‌ಪಿಎಸ್ಸೇ ಸರಿ. ನಮ್ಮದು ಗಿಡ್ಡ ಪಾಯದ ಮೇಲೆ ಎತ್ತರಿಸಿದ ಮರದ ನೆಲ, ಅಡಿಯಲ್ಲಿ ಗಾಳಿ ಓಡುತ್ತೆ, ಹಾಗಾಗಿ ತೊಲೆಗಳ ನಡುವೆ 100 ಮಿ.ಮೀ. ಪಿಐಆರ್. ತೊಲೆಯ ಪಕ್ಕಕ್ಕೆ ರೀಪು ಹೊಡೆದು ಅದರ ಮೇಲೆ ಹಲಗೆ ಕೂರಿಸಬೇಕು. ಬರೀ ಬಿಗಿತ ನಂಬಿದರೆ ಒಂದು ದಿನ ಜಾರಿ ಕೆಳಗಿಳಿಯುತ್ತೆ.

ಗೋಡೆ ವಿಚಾರಕ್ಕೆ ಬಂದರೆ, 100 ಮಿ.ಮೀ. ಕಂಬಗಳ ನಡುವೆ 100 ಮಿ.ಮೀ. ಹಲಗೆ ತುರುಕಿ ಮುಗಿಸುವವರೇ ಹೆಚ್ಚು. ಆದರೆ ಕಂಬದ ಮರದ ಅಂಕಿ 0.13, ಅಂದರೆ ಫೋಮಿನ ಆರು ಪಟ್ಟು. ಗೋಡೆಯಲ್ಲಿ ಶೇ. 15ರಷ್ಟು ಮರವೇ ಇದ್ದರೆ ಶಾಖ ಅದರ ಮೂಲಕ ಸೋರಿಹೋಗುತ್ತೆ, ಯು-ವ್ಯಾಲ್ಯೂ (ಇಡೀ ಗೋಡೆ ಎಷ್ಟು ಶಾಖ ಸೋರಿಸುತ್ತೆ ಅನ್ನೋ ಅಂಕಿ, ಇದೂ ಕಡಿಮೆಯಾದಷ್ಟೂ ಒಳ್ಳೇದು) 0.30ರ ಹತ್ತಿರ ನಿಲ್ಲುತ್ತೆ. ಅಷ್ಟೇ ಫೋಮನ್ನು ಎರಡು ಪಾಲು ಮಾಡಿ 50 ಮಿ.ಮೀ. ಕಂಬಗಳ ನಡುವೆ, ಇನ್ನು 50 ಮಿ.ಮೀ. ಒಳಗಡೆಯಿಂದ ಕಂಬಗಳನ್ನೂ ಮುಚ್ಚುವಂತೆ ಒಂದೇ ಹಾಸಾಗಿ ಹಾಕಿದರೆ ಅದು 0.22ಕ್ಕೆ ಇಳಿಯುತ್ತೆ. ಫೋಮ್ ಅಷ್ಟೇ, ಸೋರಿಕೆ ಮಾತ್ರ ಕಾಲು ಭಾಗಕ್ಕೂ ಮಿಕ್ಕಿ ತಗ್ಗುತ್ತೆ. ಗೋಡೆಯ ದಪ್ಪ 50 ಮಿ.ಮೀ. ಹೆಚ್ಚುತ್ತೆ ನಿಜ, ಆದರೂ ಇದನ್ನೇ ಮಾಡಬೇಕು ಅಂತ ನನ್ನ ಖಚಿತ ಅಭಿಪ್ರಾಯ. ಕಂಬಗಳ ನಡುವಿನ ಹಲಗೆ ಒಳಮುಖಕ್ಕೆ ಸಮನಾಗಿ ಕೂರಬೇಕು. ಎರಡು ಹಾಸಿನ ಮಧ್ಯೆ ಸಂದಿ ಬಿಟ್ಟರೆ ಅಲ್ಲಿ ಗಾಳಿ ಸುತ್ತಿ ಶಾಖ ಹೊತ್ತೊಯ್ಯುತ್ತೆ.

ಕೊಯ್ಯುವ ಅಳತೆಯಲ್ಲೇ ಬಹಳ ಜನ ತಪ್ಪೋದು. ಕಂಬಗಳು ಮಧ್ಯದಿಂದ ಮಧ್ಯಕ್ಕೆ 600 ಮಿ.ಮೀ., ಕಂಬದ ದಪ್ಪ 47, ಉಳಿದ ಜಾಗ 553. ಹಲಗೆಯನ್ನು 553ಕ್ಕೇ ಕೊಯ್ದು ಗುದ್ದಿ ಕೂರಿಸಿದರೆ ಅವತ್ತು ಚೆಂದ ಕಾಣುತ್ತೆ. ಮರ ಒಣಗಿ ಕುಗ್ಗಿದ ಮೇಲೆ ಎರಡು ಮಿ.ಮೀ. ಬಿರುಕು ಬಿಡುತ್ತೆ, ಅಷ್ಟು ಸಣ್ಣ ಸಂದಿಗೆ ಫೋಮ್ ಗನ್ನಿನ ಮೂತಿ ಹೋಗೋದಿಲ್ಲ. 540ಕ್ಕೆ ಕೊಯ್ದು ಎರಡೂ ಕಡೆ ಆರೇಳು ಮಿ.ಮೀ. ಬಿಟ್ಟು, ಗನ್ನಿನಿಂದ ಕಡಿಮೆ ಉಬ್ಬುವ ಫೋಮ್ ಹಿಂದಿನಿಂದ ಮುಂದಕ್ಕೆ ತುಂಬಬೇಕು. ಒಣಗಿದ ಮೇಲೆ ಹೊರಚಾಚಿದ್ದನ್ನು ಉದ್ದ ಚಾಕುವಿನಲ್ಲಿ ಮಟ್ಟ ಮಾಡಬೇಕು. ಆ ಫೋಮ್ ಮರದ ಜೊತೆ ಸ್ವಲ್ಪ ಹಿಗ್ಗಿ ಕುಗ್ಗುತ್ತೆ. ಕೊಯ್ಯುವಾಗ ಮಾಸ್ಕ್ ಬೇಕೇ ಬೇಕು, ಹಳದಿ ಧೂಳು ಗಂಟಲಿಗೆ ಕೂತರೆ ಸಂಜೆವರೆಗೂ ಕೆಮ್ಮು.

ಒಳಹಾಸಿನ ಜೋಡಣೆ ಮೊದಲ ಹಾಸಿನ ಜೋಡಣೆ ಮೇಲೆ ಬರಬಾರದು. ಎಲ್ಲ ಸಂದಿಗೂ, ಮೂಲೆಗೂ 75 ಮಿ.ಮೀ. ಫಾಯಿಲ್ ಟೇಪ್. ಇದು ಅಲಂಕಾರಕ್ಕಲ್ಲ. 20 ಡಿಗ್ರಿ ಬೆಚ್ಚಗಿರುವ ಕೋಣೆಯಲ್ಲಿ ತೇವಾಂಶ ಶೇ. 60 ಇದ್ದರೆ 12 ಡಿಗ್ರಿಯ ಯಾವ ಮೇಲ್ಮೈ ಸಿಕ್ಕಿದರೂ ಅಲ್ಲಿ ಹನಿ ಕಟ್ಟುತ್ತೆ. ಟೇಪ್ ಇಲ್ಲದ ಸಂದಿಯಲ್ಲಿ ನುಗ್ಗಿದ ಆವಿ ಹೊರಗಿನ ತಣ್ಣನೆ ಪ್ಲೈವುಡ್ ತಲುಪಿ ಅಲ್ಲೇ ನೀರಾಗುತ್ತೆ. ಫಾಯಿಲ್ ಮೇಲೆ 25 ಮಿ.ಮೀ. ರೀಪು, 120 ಮಿ.ಮೀ. ಸ್ಕ್ರೂ, ಆ 25ರ ಸಂದಿಯಲ್ಲೇ ವೈರು, ಕೊನೆಗೆ 12.5 ಮಿ.ಮೀ. ಜಿಪ್ಸಮ್ ಬೋರ್ಡ್. ಬೆಂಕಿ ದೃಷ್ಟಿಯಿಂದ ಈ ಬೋರ್ಡ್ ಕಡ್ಡಾಯ ಅಂತಲೇ ತಿಳಿ. ಪಿಐಆರ್ ಉರಿದರೆ ಇದ್ದಿಲಿನ ಪದರ ಕಟ್ಟುತ್ತೆ, ಥರ್ಮೊಕೋಲ್ ಕರಗಿ ತೊಟ್ಟಿಕ್ಕುತ್ತೆ. ಎರಡನ್ನೂ ಬರಿದೇ ಬಿಡಬಾರದು.

ಚಾವಣಿ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಪಕಾಸಿಗಳ ನಡುವೆ ಫೋಮ್ ತುಂಬಿದರೆ ಅದರ ಮೇಲೆ 50 ಮಿ.ಮೀ. ಗಾಳಿ ಜಾಗ ಇರಬೇಕು, ಎರಡೂ ತುದಿ ತೆರೆದಿರಬೇಕು. ಇನ್ನೂ ಬೆಚ್ಚಗಿರಲಿ ಅಂತ ಆ ಜಾಗವನ್ನೂ ತುಂಬಿಬಿಡುತ್ತಾರೆ. ಎರಡು ಚಳಿಗಾಲ ಕಳೆದು ಬಿಚ್ಚಿ ನೋಡಿದರೆ ಒಳಗೆ ಇಳಿದ ಸ್ಕ್ರೂಗಳ ಸುತ್ತ ಕಪ್ಪು ಉಂಗುರ, ಮರದ ಹಾಸು ಬೆರಳಲ್ಲಿ ಒತ್ತಿದರೆ ತಗ್ಗು. ಅದಕ್ಕಿಂತ ಪಕಾಸಿ ಮೇಲೆ 18 ಮಿ.ಮೀ. ಹಾಸು, ಅದರ ಮೇಲೆ ಆವಿ ತಡೆಯುವ ಹಾಳೆ, 100 ಮಿ.ಮೀ. ಪಿಐಆರ್, ಎಲ್ಲಕ್ಕೂ ಮೇಲೆ ಮಳೆನೀರು ತಡೆಯುವ ಇಪಿಡಿಎಂ ರಬ್ಬರ್ ಹಾಳೆ. ಮರವೆಲ್ಲ ಬೆಚ್ಚನೆ ಕಡೆ ಉಳಿಯುತ್ತೆ. ಆಮೇಲೆ ಪಕಾಸಿಗಳ ನಡುವೆಯೂ ಫೋಮ್ ತುರುಕುವ ಆಸೆ ಬೇಡ, ಹಾಸು ಮತ್ತೆ ತಣ್ಣಗಾಗುತ್ತೆ. ಈ ಕ್ರಮದಲ್ಲಿ ಎತ್ತರ 100 ಮಿ.ಮೀ. ಹೆಚ್ಚುತ್ತೆ. ಬೇಲಿಗೆ 2 ಮೀಟರಿಗಿಂತ ಹತ್ತಿರ ಕಟ್ಟಿದರೆ ಇಲ್ಲಿ ಪ್ಲಾನಿಂಗ್ ಅನುಮತಿ ಇಲ್ಲದೆ ಒಟ್ಟು ಎತ್ತರ 2.5 ಮೀಟರ್ ದಾಟುವಂತಿಲ್ಲ, ಅದಕ್ಕೇ ಕೋಣೆಯನ್ನು ಬೇಲಿಯಿಂದ ದೂರ ಗುರುತು ಹಾಕಿಸಿದ್ದು.

ಲೆಕ್ಕ ಕೇಳಿದ್ದೆಯಲ್ಲ. ಹಲಗೆ 2400 × 1200, ಅಂದರೆ 2.88 ಚದರ ಮೀಟರ್. ಗೋಡೆ ಸುತ್ತಳತೆ 14 ಮೀಟರ್, ಎತ್ತರ 2.2, ಬಾಗಿಲು ಕಿಟಕಿಗೆ 5 ಚದರ ಮೀಟರ್ ಕಳೆದರೆ 26. ಒಂದು ಪದರಕ್ಕೆ 10 ಹಲಗೆ, ಎರಡು ಪದರಕ್ಕೆ 50 ಮಿ.ಮೀ. ದಪ್ಪದವು 20. ನೆಲಕ್ಕೆ 100 ಮಿ.ಮೀ. ದಪ್ಪದವು 5, ಚಾವಣಿಗೆ ಹೊರ ಅಂಚು ಸೇರಿ 6.

ಈಗ ನಿನ್ನ ತಾರಸಿ. ಇಲ್ಲಿ ಶಾಖ ಒಳಗಿನಿಂದ ಹೊರಕ್ಕೆ ಓಡುತ್ತೆ, ನಿನ್ನಲ್ಲಿ ಕೈ ಸುಡುವ ಶೀಟಿನಿಂದ ಒಳಕ್ಕೆ. ಎಸಿ ಇಲ್ಲದಿದ್ದರೆ ಗೋಡೆಗೆ ಫೋಮಿನ ದುಡ್ಡು ಹಾಕಬೇಡ, ಚಾವಣಿಗೆ 50 ಮಿ.ಮೀ. ಪಫ್ ಪ್ಯಾನಲ್ (ಎರಡು ತಗಡಿನ ನಡುವೆ ಫೋಮ್ ತುಂಬಿದ ಶೀಟು) ಸಾಕು. ಮುಂದೆ ಎಸಿ ಕೂರಿಸುವುದಾದರೆ ತೇವ ಬರೋದು ಹೊರಗಿನಿಂದ, ಆವಿ ತಡೆಯೂ ಹೊರಗಡೆಯೇ ಇರಬೇಕು. ಇಲ್ಲಿನ ರೀತಿ ನೋಡಿ ಒಳಗಡೆ ಪ್ಲಾಸ್ಟಿಕ್ ಹೊಡೆಸಿದರೆ ಅದರ ಹಿಂದೆ ನೀರು ನಿಲ್ಲುತ್ತೆ. ಪ್ಯಾನಲ್‌ನ ಕೊಯ್ದ ಅಂಚನ್ನು ಮಡಚಿದ ತಗಡಿನ ಪಟ್ಟಿಯಿಂದ (ಫ್ಲಾಶಿಂಗ್) ಪೂರ್ತಿ ಮುಚ್ಚಿಸು. ಬಿಟ್ಟರೆ ಇರುವೆ, ಇಲಿ ಫೋಮ್ ಕೊರೆದು ಗೂಡು ಮಾಡುತ್ತವೆ. ಸ್ಕ್ರೂಗಳು ಶೀಟಿನ ಉಬ್ಬಿನ ಮೇಲೆ ಬರಲಿ, ನೀರು ಹರಿಯುವ ತಗ್ಗಿನಲ್ಲಿ ಬೇಡ. ಅಗ್ಗ ಅಂತ ಯಾರಾದರೂ ಥರ್ಮೊಕೋಲ್ ಅಂಟಿಸಲು ಬಂದರೆ ಎರಡು ವಿಷಯ ನೆನಪಿಡು: ಸಾಲ್ವೆಂಟ್ ಇರುವ ಗಮ್ ಅದನ್ನು ತಿಂದುಹಾಕುತ್ತೆ, ಪಿವಿಸಿ ವೈರು ಅದಕ್ಕೆ ತಾಗಿಕೊಂಡಿದ್ದರೆ ಹೊದಿಕೆಯ ಎಣ್ಣೆ ಅಂಶವನ್ನು ಥರ್ಮೊಕೋಲ್ ಎಳೆದುಕೊಂಡು, ಹೊದಿಕೆ ಪೆಡಸಾಗಿ ಸೀಳುತ್ತೆ.

ಅತ್ತಿಗೆಯ ಸಂಗೀತ ಪಾಠದ ಸದ್ದು ಪಕ್ಕದ ಮನೆಗೆ ಹೋಗದಿರಲಿ ಅಂತಲೂ ಕೇಳಿದ್ದೆ. ಗಟ್ಟಿ ಫೋಮ್ ಸದ್ದು ತಡೆಯೋದಿಲ್ಲ, ಅದಕ್ಕೆ ತೂಕ ಬೇಕು. ಆ ಕಡೆಯ ಗೋಡೆಯನ್ನು ಇಟ್ಟಿಗೆಯಲ್ಲೇ ಕಟ್ಟಿಸು, ಕಿಟಕಿ ಇಡಬೇಡ.

ಶೀಟಿನ ಇಳಿಜಾರು ಎಷ್ಟು, ಅದನ್ನು ಹೊರುವ ಪೈಪುಗಳ ನಡುವೆ ಎಷ್ಟು ಅಂತರ ಅಂತ ಅಳೆದು ಕಳಿಸು. ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಯಬೇಕಾದರೆ ಪ್ಯಾನಲ್ ಈಗಲೇ ಹೇಳಿಡಬೇಕು. ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ತಮ್ಮ