ಕಾರು ತಿರುಗಿಸಿದಾಗ ಗರಗರ ಸದ್ದು: ಭಾಗ ಬದಲಾಯಿಸುವ ಮೊದಲು ಪರೀಕ್ಷೆ ಮಾಡಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ವಾಹನ ಪುಟದಲ್ಲಿ ಹೊಸ ಕಾರುಗಳ ಬಗ್ಗೆ ಬೇಕಾದಷ್ಟು ಬರುತ್ತದೆ. ಇರುವ ಕಾರು ಕೆಟ್ಟಾಗ ಏನು ನೋಡಬೇಕು ಅನ್ನುವುದು ಬರುವುದು ಕಡಿಮೆ. ಅದಕ್ಕೇ ಈ ಪತ್ರ. ಕಾರು ತಿರುಗಿಸುವಾಗ ಗರಗರ ಅಂದರೆ ಎಷ್ಟೋ ಗ್ಯಾರೇಜುಗಳಲ್ಲಿ ಬಾನೆಟ್ ತೆಗೆಯುವ ಮೊದಲೇ 'ಆಕ್ಸಲ್ ಹೋಗಿದೆ, ಬದಲಾಯಿಸಿಬಿಡೋಣ' ಅನ್ನುತ್ತಾರೆ. ಆಕ್ಸಲ್ ಅಂದರೆ ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ತಲುಪಿಸುವ ದಂಡ. ನನ್ನ ಸ್ನೇಹಿತರೊಬ್ಬರ ಕಾರಿಗೂ ಹೀಗೇ ಆಯಿತು. ಆಕ್ಸಲ್ ಹೊಸದು ಬಂತು, ಸದ್ದು ಮಾತ್ರ ಹಾಗೇ ಉಳಿಯಿತು. ಕೆಟ್ಟಿದ್ದು ವೀಲ್ ಬೇರಿಂಗ್, ಅಂದರೆ ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಇರುವ ಭಾಗ. ಮೆಕ್ಯಾನಿಕ್ ಮೊದಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಸದ್ದು ಯಾವಾಗ ಬರುತ್ತದೆ ಅಂತ ಸರಿಯಾಗಿ ಗಮನಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗಲಾ, ಪೂರ್ತಿ ತಿರುಗಿಸಿಕೊಂಡು ನಿಧಾನಕ್ಕೆ ಹೊರಟಾಗಲಾ, ಅಥವಾ ವೇಗದಲ್ಲಿ ಹೋಗುವಾಗಲಾ? ಎಡಕ್ಕೆ ತಿರುಗಿದಾಗ ಜಾಸ್ತಿಯೋ, ಬಲಕ್ಕೋ?

ವೀಲ್ ಬೇರಿಂಗ್ ಸದ್ದು ಕಾರಿನ ವೇಗದ ಜೊತೆ ಏರುತ್ತದೆ. ಗೇರ್ ನ್ಯೂಟ್ರಲ್ ಮಾಡಿದರೂ, ಎಂಜಿನ್ ಸದ್ದು ಇಳಿದರೂ, ಇದು ಇಳಿಯುವುದಿಲ್ಲ. ಕಾರು ಬಲಕ್ಕೆ ತಿರುಗಿದಾಗ ಭಾರ ಎಡಗಡೆ ಚಕ್ರಗಳ ಮೇಲೆ ಬೀಳುತ್ತದೆ ಅಲ್ವಾ, ಆಗ ಗರಗರ ಜಾಸ್ತಿಯಾದರೆ ಸಾಮಾನ್ಯವಾಗಿ ಎಡಗಡೆಯ ಬೇರಿಂಗ್, ಎಡಕ್ಕೆ ತಿರುಗಿದಾಗ ಜಾಸ್ತಿಯಾದರೆ ಬಲಗಡೆಯದು. ಆಮೇಲೆ ಕಾರನ್ನು ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರವನ್ನು ಗಡಿಯಾರದ 12 ಮತ್ತು 6 ಇರುವ ಜಾಗದಲ್ಲಿ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಬೇಕು. ಲೂಸ್ ಇದೆ ಅನಿಸಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಅಲ್ಲಾಡುವುದು ನಿಂತರೆ ಅನುಮಾನ ಬೇರಿಂಗ್ ಮೇಲೆ, ಆಗಲೂ ನಿಲ್ಲದಿದ್ದರೆ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಗುಂಡು ಕೀಲು) ಕಡೆ ನೋಡಿ. ಕೆಲವು ಬೇರಿಂಗ್ ಸ್ವಲ್ಪವೂ ಅಲ್ಲಾಡದೆ ಸದ್ದು ಮಾಡುತ್ತವೆ. ಅದಕ್ಕೆ ಇನ್ನೊಂದು ಉಪಾಯ ಇದೆ: ಒಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಚೆನ್ನಾಗಿರುವ ಬೇರಿಂಗ್ ಆದರೆ ಬೆರಳಿಗೆ ಏನೂ ಗೊತ್ತಾಗುವುದಿಲ್ಲ, ಹಾಳಾಗಿದ್ದರೆ ಒಳಗೆ ಮರಳು ಅರೆದ ಹಾಗೆ ಸಣ್ಣ ನಡುಕ ಸಿಗುತ್ತದೆ.

ಆಕ್ಸಲ್ ತುದಿಯ ಸಿವಿ ಜಾಯಿಂಟ್ (ಚಕ್ರ ಓರೆಯಾಗಿದ್ದಾಗಲೂ ಅದನ್ನು ತಿರುಗಿಸುವ ಕೀಲು) ಹೋದರೆ ಸದ್ದೇ ಬೇರೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಟಕ್ ಟಕ್ ಟಕ್ ಅಂತ ಲೆಕ್ಕ ಹಾಕುವಷ್ಟು ಬಿಡಿಬಿಡಿಯಾಗಿ ಕೇಳಿಸುತ್ತದೆ. ಸ್ಟೀರಿಂಗನ್ನು ಒಂದು ಕಡೆ ತಿರುಗಿಸಿಟ್ಟು ಚಕ್ರದ ಹಿಂದೆ ಇಣುಕಿ ನೋಡಿ. ಆಕ್ಸಲ್ ತುದಿಯಲ್ಲಿ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇರುತ್ತದೆ. ಅದು ಹರಿದಿದ್ದರೆ ಕಪ್ಪು ಗ್ರೀಸ್ ರಿಮ್ಮಿನ ಒಳಗೋಡೆಗೆಲ್ಲ ಚಿಮ್ಮಿ, ಅದರ ಮೇಲೆ ಧೂಳು ಕೂತು ಅಂಟಂಟಾಗಿರುತ್ತದೆ. ಬೂಟ್ ಈಗಷ್ಟೇ ಹರಿದಿದ್ದು ಇನ್ನೂ ಸದ್ದು ಶುರುವಾಗಿಲ್ಲ ಅಂದರೆ ಜಾಯಿಂಟ್ ತೊಳೆದು, ಹೊಸ ಗ್ರೀಸ್ ತುಂಬಿ, ಬೂಟ್ ಮಾತ್ರ ಬದಲಾಯಿಸಿದರೆ ಸಾಕಾಗಬಹುದು. ಸದ್ದು ಶುರುವಾದ ಮೇಲೆ ಒಳಗಿನ ಗುಂಡುಗಳು ಓಡುವ ದಾರಿಯೇ ಸವೆದಿರುತ್ತದೆ. ಆಮೇಲೆ ಎಷ್ಟು ಗ್ರೀಸ್ ತುಂಬಿದರೂ ಅಷ್ಟೆ.

ಇಷ್ಟೆಲ್ಲ ಹುಡುಕುವ ಮೊದಲು ಒಂದು ಚಿಕ್ಕ ಕಲ್ಲಿನ ಬಗ್ಗೆ ಯೋಚಿಸಿ. ಬ್ರೇಕ್ ಡಿಸ್ಕ್ ಹಿಂದೆ ತೆಳ್ಳಗಿನ ತಗಡಿನ ರಕ್ಷಾಫಲಕ ಇರುತ್ತದೆ. ಅದಕ್ಕೂ ಡಿಸ್ಕಿಗೂ ಮಧ್ಯೆ ಜಲ್ಲಿ ಚೂರೊಂದು ಸಿಕ್ಕಿಕೊಂಡರೆ ಕಿವಿ ಕಿತ್ತುಹೋಗುವ ಸದ್ದು ಬರುತ್ತದೆ, ಕಾರೇ ಮುರಿದುಬಿತ್ತೇನೋ ಅನಿಸುತ್ತದೆ. ನಿಧಾನಕ್ಕೆ ಹಿಂದೆ ಮುಂದೆ ಓಡಿಸಿದರೆ ಕೆಲವೊಮ್ಮೆ ತಾನೇ ಬಿದ್ದುಹೋಗುತ್ತದೆ. ತಗಡು ಬಗ್ಗಿ ಡಿಸ್ಕಿಗೆ ತಾಗುತ್ತಿದ್ದರೆ ಚಕ್ರ ಬಿಚ್ಚಿ ಕೈಯಲ್ಲೇ ಡಿಸ್ಕಿನಿಂದ ಸ್ವಲ್ಪ ದೂರಕ್ಕೆ ಬಗ್ಗಿಸಿದರೂ ಆಯಿತು. ಚಕ್ರ ಬಿಚ್ಚಿದ್ದೀರಲ್ಲ, ಬ್ರೇಕ್ ಪ್ಯಾಡ್ ಕೂಡ ನೋಡಿಬಿಡಿ. ಪ್ಯಾಡ್ ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದ್ದರೆ ಕಾರನ್ನು ಓಡಿಸಲೇಬೇಡಿ.

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಗೊರ್ ಅಂದರೆ, ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರುವ ಕಾರಿನಲ್ಲಿ ಮೊದಲು ಅದರ ಆಯಿಲ್ ಮಟ್ಟ ನೋಡಿ. ಎಲೆಕ್ಟ್ರಿಕ್ ಸ್ಟೀರಿಂಗಿಗೆ ಹೆಚ್ಚಿನ ಕಾರುಗಳಲ್ಲಿ ಆ ಆಯಿಲ್ಲೇ ಇಲ್ಲ. ಸ್ಪ್ರಿಂಗ್ ಟಣ್ ಅಂತ ಹಾರಿದ ಹಾಗಾದರೆ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಮೇಲಿನ ಮೌಂಟ್ ಬೇರಿಂಗ್ ನೋಡಿ. ಪೂರ್ತಿ ತಿರುಗಿಸಿದಾಗ ಮಾತ್ರ ಉಜ್ಜುವ ಸದ್ದು ಬಂದರೆ, ಅದರಲ್ಲೂ ದಪ್ಪ ಟೈರ್ ಹಾಕಿಸಿದ್ದರೆ, ಟೈರು ಒಳಗಿನ ಪ್ಲಾಸ್ಟಿಕ್ ಲೈನರಿಗೆ ತಾಗುತ್ತಿದೆಯಾ ಅಂತ ನೋಡಿ. ತಾಗಿದ ಜಾಗ ಉಜ್ಜಿ ಹೊಳೆಯುತ್ತಿರುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡುವವರು ದಯವಿಟ್ಟು ಸಮತಟ್ಟಾದ ಜಾಗದಲ್ಲಿ ಮಾಡಿ, ನೆಲದ ಮೇಲಿರುವ ಚಕ್ರಗಳಿಗೆ ಅಡೆ ಕೊಡಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ, ಒಂದು ನಿಮಿಷಕ್ಕೂ ಬೇಡ.

ಇನ್ನು ಮೆಕ್ಯಾನಿಕ್ ಅಣ್ಣಂದಿರಿಗೆ ಒಂದು ಮಾತು. ಹೊಸ ಬೇರಿಂಗನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರೆ ಅದು ಅಲ್ಲೇ ಪೆಟ್ಟು ತಿಂದು ಬೇಗ ಹಾಳಾಗುತ್ತದೆ, ಒತ್ತಿ ಕೂರಿಸುವ ಪ್ರೆಸ್ ಯಂತ್ರದಲ್ಲೇ ಹಾಕಿ. ಕೆಲವು ಬೇರಿಂಗುಗಳಲ್ಲಿ ಎಬಿಎಸ್‌ಗೆ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಬೇಕಾದ ಅಯಸ್ಕಾಂತದ ಬಳೆ ಒಂದೇ ಬದಿಯಲ್ಲಿರುತ್ತದೆ. ಆ ಬದಿ ಸೆನ್ಸರ್ ಕಡೆಗೇ ಬರಬೇಕು, ಉಲ್ಟಾ ಕೂತರೆ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಉರಿಯುತ್ತದೆ. ಚಕ್ರದ ನಡುವೆ ಇರುವ ಹಬ್ ನಟ್ಟನ್ನು ಅಂದಾಜಿನಲ್ಲಿ ಬಿಗಿಯದೆ ಕಂಪನಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಪಾನಾ) ಬಿಗಿಯಿರಿ.

ಗ್ಯಾರೇಜಿನವರಲ್ಲಿ ನಾನು ಕೇಳುವುದು ಇಷ್ಟೇ. ಕೆಲಸ ಶುರು ಮಾಡುವ ಮೊದಲು ಮಾಲೀಕರ ಜೊತೆ ಕಾರು ಓಡಿಸಿ ಸದ್ದು ಕೇಳಿ. ಯಾವ ಪರೀಕ್ಷೆಯಲ್ಲಿ ಏನು ಕಂಡಿತು ಅಂತ ಬಿಲ್ಲಿನಲ್ಲಿ ಒಂದು ಸಾಲು ಬರೆಯಿರಿ. ತೆಗೆದ ಹಳೇ ಭಾಗವನ್ನು ಅವರ ಕೈಗೇ ಕೊಡಿ.

ಇಂತಿ,
ನಿಮ್ಮ ಓದುಗ